ಶಾಲೆಯಿಂದ ಬರುವ ಸಂದೇಶಗಳು: ಒಂದು ವರ್ಷ ಓದಿದ ಮೇಲೆ ಎರಡು ನಕ್ಷತ್ರ

ಮಗಳ ಶಾಲೆಯವರು ಈ ವರ್ಷ ಪೋಷಕರಿಗಾಗಿ ಒಂದು ಮೊಬೈಲ್ ಆ್ಯಪ್ ತಂದರು. ಮನೆಗೆಲಸ, ರಜೆ, ಶುಲ್ಕ, ಬಸ್ಸಿನ ಸಮಯ, ಪರೀಕ್ಷೆಯ ವೇಳಾಪಟ್ಟಿ ಎಲ್ಲವೂ ಅದರಲ್ಲೇ ಬರುತ್ತವೆ. ಹಳೆಯ ಸಂದೇಶ ಹುಡುಕುವುದು ಸುಲಭ. ಚೀಲದ ತಳದಲ್ಲಿ ಮುದುಡಿ ಸೇರಿಹೋಗುವ ಚೀಟಿಗಳ ಕಾಟವೂ ತಪ್ಪಿದೆ. ಆ್ಯಪ್ ಚೆನ್ನಾಗಿದೆ. ಅದರಲ್ಲಿ ಬರುವ ಕನ್ನಡ ಚೆನ್ನಾಗಿಲ್ಲ, ಮತ್ತು ಈ ವಿಮರ್ಶೆ ಅದರ ಬಗ್ಗೆಯೇ.

ನಾನು ಮುದ್ರಣಾಲಯವೊಂದರಲ್ಲಿ 17 ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ತಪ್ಪು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ಹಾಗೆಂದು ಪ್ರತಿಯೊಂದಕ್ಕೂ ಸಿಡುಕುವುದಿಲ್ಲ. ‘ಕಚೇರಿ’ಯನ್ನು ‘ಕಛೇರಿ’ ಎಂದು ಬರೆದರೆ ಅಂಕ ಕಳೆಯುವುದಿಲ್ಲ. ಎಷ್ಟೋ ನಾಮಫಲಕಗಳಲ್ಲಿ ಅದೇ ನಿಂತಿದೆ. ‘ಅಂತರರಾಷ್ಟ್ರೀಯ’ವೋ ‘ಅಂತಾರಾಷ್ಟ್ರೀಯ’ವೋ ಎಂಬ ಜಗಳ ನಮ್ಮ ಮುದ್ರಣಾಲಯದಲ್ಲೇ ಇನ್ನೂ ಮುಗಿದಿಲ್ಲ. ಆದರೆ ಶಾಲೆ ತೆರೆದ ವಾರವೇ ಬಂದ ಮೊದಲ ಸಂದೇಶ ಹೀಗಿತ್ತು: ‘ವಿಧ್ಯಾರ್ತಿಗಳ ಆಜರಾತಿ ಕಡ್ಡಾಯ. ಪೋಶಕರು ಸಹಕರಿಸ ಬೇಕಾಗಿ ವಿನಂತಿ’. ಎರಡು ಚಿಕ್ಕ ವಾಕ್ಯಗಳಲ್ಲಿ ಮೂರು ಕಾಗುಣಿತದ ತಪ್ಪು, ಒಂದು ಅನಗತ್ಯ ಜಾಗ. ಅಂದಿನಿಂದ ಒಂದನ್ನೂ ಅಳಿಸದೆ ಇಟ್ಟುಕೊಂಡು ಬಂದೆ.

ತಪ್ಪುಗಳಲ್ಲಿ ಹೆಚ್ಚಿನವು ಮಹಾಪ್ರಾಣದವು. ಕನ್ನಡದ 25 ವರ್ಗೀಯ ವ್ಯಂಜನಗಳಲ್ಲಿ 10 ಮಹಾಪ್ರಾಣಗಳು. ಮಾತಿನಲ್ಲಿ ಬಹುತೇಕರ ನಾಲಿಗೆ ಅವುಗಳನ್ನು ಹಗುರಗೊಳಿಸಿಬಿಡುತ್ತದೆ, ಅದು ಯಾರ ಅಪರಾಧವೂ ಅಲ್ಲ. ‘ಹಾಜರಾತಿ’ಯ ಹಕಾರ ಆಡುಮಾತಿನಲ್ಲಿ ಕಳಚಿ ಬೀಳುವುದೂ ಹಾಗೆಯೇ, ಅದಕ್ಕಾಗಿ ಯಾರನ್ನಾದರೂ ಹೀಯಾಳಿಸುವುದು ನನಗೆ ಸಹಿಸಲಾಗದ ಸಂಗತಿ. ಬರಹ ಮಾತ್ರ ಬೇರೆ. ಅಲ್ಲಿ ಒಂದು ಅಕ್ಷರದ ಹೊಟ್ಟೆ ಸೀಳಿದೆಯೋ ಇಲ್ಲವೋ ಎಂಬುದರ ಮೇಲೆ ಅರ್ಥ ನಿಂತಿರುತ್ತದೆ. ಅರ್ಧ ವರ್ಷ ಕಳೆದಾಗ ಬಂದ ವೇಳಾಪಟ್ಟಿಯ ತಲೆಬರಹ ‘ಮದ್ಯ ವಾರ್ಷಿಕ ಪರೀಕ್ಷೆ’ ಎಂದಿತ್ತು. ‘ಮಧ್ಯ’ ಎಂದರೆ ನಡು, ‘ಮದ್ಯ’ ಎಂದರೆ ಹೆಂಡ. ಪೋಷಕರ ಗುಂಪಿನಲ್ಲಿ ಅದನ್ನು ಹಿಡಿದು ಎರಡು ದಿನ ನಗೆಯಾಡಿದರು. ನನಗೆ ನಗು ಬರಲಿಲ್ಲ. ಅದೇ ವಾರ ನನ್ನ ಮಗಳ ಉಕ್ತಲೇಖನದಲ್ಲಿ ‘ಮಧ್ಯಾಹ್ನ’ಕ್ಕೆ ಕೆಂಪು ಗೆರೆ ಬಿದ್ದಿತ್ತು. ಅವಳು ‘ಮದ್ಯಾನ್ಹ’ ಎಂದು ಬರೆದಿದ್ದಳು. ಗೆರೆ ಎಳೆದದ್ದು ಸರಿಯಾಗಿಯೇ ಇತ್ತು.

ಅವಳು ಮೂರನೆಯ ತರಗತಿ. ಒಂದು ಸಂಜೆ ಅವಳ ಪ್ರಬಂಧದಲ್ಲಿ ‘ವಿಧ್ಯಾರ್ತಿ’ ಕಂಡು ತಿದ್ದಿದೆ. ‘ವಿದ್ಯಾ’ ಮತ್ತು ‘ಅರ್ಥಿ’ ಸೇರಿ ‘ವಿದ್ಯಾರ್ಥಿ’ ಆಗಿದೆ, ಅರ್ಥಿ ಎಂದರೆ ಬೇಡುವವನು, ವಿದ್ಯೆಯನ್ನು ಬೇಡಿ ಬಂದವನು. ಎರಡು ಪದಗಳನ್ನು ಬಿಡಿಸಿ ನೆನಪಿಟ್ಟುಕೊಂಡರೆ ಯಾವುದು ಅಲ್ಪಪ್ರಾಣ, ಯಾವುದು ಮಹಾಪ್ರಾಣ ಎಂಬ ಗೊಂದಲವೇ ಬರುವುದಿಲ್ಲ ಎಂದು ಹೇಳಿಕೊಟ್ಟೆ. ಅವಳು ಎದ್ದುಹೋಗಿ ನನ್ನ ಮೊಬೈಲ್ ತಂದಳು. ‘ಅಮ್ಮ, ಶಾಲೆಯವರೇ ಹೀಗೆ ಬರೆದಿದ್ದಾರೆ ನೋಡು. ಅವರಿಗೆ ಗೊತ್ತಿರುವುದಿಲ್ಲವೇ?’ ಎಂದು ಕೇಳಿದಳು. ಎಂಟು ವರ್ಷದ ಮಗುವಿಗೆ ಶಾಲೆಯ ಮಾತಿಗಿಂತ ದೊಡ್ಡ ಪ್ರಮಾಣವಿಲ್ಲ. ಆ ಪ್ರಶ್ನೆಗೆ ಶಾಲೆಯ ಗೌರವವೂ ಉಳಿಯುವಂತೆ, ಪದವೂ ಸರಿಯಾಗಿ ಉಳಿಯುವಂತೆ ಉತ್ತರಿಸಲು ನಾನು ಬಹಳ ಹೊತ್ತು ತಡಕಾಡಿದೆ.

ಇಷ್ಟೇ ಆಗಿದ್ದರೆ ಬಹುಶಃ ಮೂರು ನಕ್ಷತ್ರ ಕೊಟ್ಟು ಸುಮ್ಮನಾಗುತ್ತಿದ್ದೆ. ಆಮೇಲೆ ಲಸಿಕೆಯ ಸಂದೇಶ ಬಂತು.

‘ಲಸಿಕೆ ಹಾಕಿಸದ ಮಕ್ಕಳ ಪಟ್ಟಿ ಕೆಳಗಿದೆ. ಉಳಿದವರು ಶುಕ್ರವಾರದ ಶಿಬಿರಕ್ಕೆ ಬರುವುದು’. ಪಟ್ಟಿಯಲ್ಲಿ ನನ್ನ ಮಗಳ ಹೆಸರಿತ್ತು. ಅವಳಿಗೆ ಲಸಿಕೆ ಹಾಕಿಸಿ ತಿಂಗಳಾಗಿತ್ತು, ಕಾರ್ಡು ಮನೆಯಲ್ಲೇ ಇತ್ತು. ಮತ್ತೊಮ್ಮೆ ಓದಿದಾಗ ತಿಳಿಯಿತು: ಅದು ‘ಹಾಕಿಸಿದ’ ಆಗಬೇಕಿತ್ತು. ಕನ್ನಡದಲ್ಲಿ ‘ಮಾಡಿದ’ ಎನ್ನುವುದಕ್ಕೂ ‘ಮಾಡದ’ ಎನ್ನುವುದಕ್ಕೂ ನಡುವೆ ಇರುವುದು ಒಂದು ಗುಡಿಸು ಮಾತ್ರ. ಅಷ್ಟು ಚಿಕ್ಕ ಗುರುತು ಬಿಟ್ಟುಹೋದರೆ ಮಾತು ಹೌದಿನಿಂದ ಅಲ್ಲಕ್ಕೆ ಉರುಳಿಬಿಡುತ್ತದೆ. ‘ಕಟ್ಟಿದ, ಕಟ್ಟದ’, ‘ಬಂದ, ಬಾರದ’, ‘ತಂದ, ತಾರದ’ ಇಂಥ ಜೋಡಿಗಳಿರುವ ವಾಕ್ಯವನ್ನು ನಮ್ಮ ಮುದ್ರಣಾಲಯದಲ್ಲಿ ಇಬ್ಬರು ಓದುತ್ತೇವೆ, ಒಬ್ಬರು ಗಟ್ಟಿಯಾಗಿ, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು.

ಪಕ್ಕದ ಮನೆಯವರ ಮಗ ಅದೇ ಶಾಲೆಯಲ್ಲಿ ಓದುತ್ತಾನೆ. ಆ ತಾಯಿ ದೊಡ್ಡವಳಾದ ಮೇಲೆ ಓದಲು ಕಲಿತವರು. ಪ್ರತಿ ಅಕ್ಷರವನ್ನೂ ಕೂಡಿಸಿ, ತುಟಿಯಾಡಿಸಿ ಓದುತ್ತಾರೆ. ಅವರ ಮಗನ ಹೆಸರು ಪಟ್ಟಿಯಲ್ಲಿರಲಿಲ್ಲ. ‘ಹಾಕಿಸದವರ ಪಟ್ಟಿಯಲ್ಲಿ ನನ್ನ ಮಗ ಇಲ್ಲ, ಅಂದರೆ ಶಾಲೆಯಲ್ಲೇ ಹಾಕಿಸಿಬಿಟ್ಟಿದ್ದಾರೆ’ ಎಂದು ಅವರು ತಿಳಿದುಕೊಂಡಿದ್ದರು. ‘ಉಳಿದವರು ಬರುವುದು’ ಎಂಬ ಮಾತು ಅರ್ಥವಾಗದೆ ನನ್ನಲ್ಲಿಗೆ ಬಂದರು. ‘ಅಕ್ಕ, ನನಗೇ ಸರಿಯಾಗಿ ಓದಲು ಬರಲಿಲ್ಲವೇನೋ’ ಎಂದರು. ಅವರು ಓದಿದ್ದು ಅಕ್ಷರಶಃ ಸರಿಯಾಗಿತ್ತು. ಬರೆದವರು ತಪ್ಪಿದ್ದರು. ನನ್ನಂಥವಳು ತಪ್ಪನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಮುಂದೆ ಹೋಗುತ್ತೇನೆ. ಬರೆದಿರುವುದನ್ನು ನಂಬಿ ಒಂದೊಂದೇ ಅಕ್ಷರ ಓದುವವರು ತಪ್ಪಿನ ಭಾರವನ್ನೂ ಹೊರುತ್ತಾರೆ, ದೋಷವನ್ನೂ ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ. ಆ ರಾತ್ರಿ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಮರುದಿನ ಶಾಲೆಗೆ ಹೋದೆ. ಕಚೇರಿಯಲ್ಲಿ ಕೇಳಿದ ಮೊದಲ ಮಾತು ‘ಅರ್ಥವಾದರೆ ಸಾಕಲ್ಲವೇ ಮೇಡಂ?’ ಎಂಬುದು. ಅರ್ಥವಾಗಿಲ್ಲ ಎಂದು ಹೇಳಲೆಂದೇ ಬಂದಿದ್ದೇನೆ ಎಂದೆ. ಸಂದೇಶ ಬೆರಳಚ್ಚು ಮಾಡುವ ಗುಮಾಸ್ತರನ್ನು ಕರೆಸಿದರು. ಆ ಯುವಕ ಒಂದು ಮಾತನ್ನೂ ಮುಚ್ಚಿಡಲಿಲ್ಲ. ಗಂಟೆ ಹೊಡೆಯುವ ಹೊತ್ತಿಗೆ ಒಬ್ಬರು ಬಾಯಲ್ಲಿ ಹೇಳಿಹೋಗುತ್ತಾರೆ, ಇನ್ನೊಬ್ಬರು ಚೀಟಿ ಕೊಡುತ್ತಾರೆ, ಹತ್ತು ನಿಮಿಷದಲ್ಲಿ ಕಳುಹಿಸಬೇಕು, ಮತ್ತೊಮ್ಮೆ ಓದುವವರು ಯಾರೂ ಇಲ್ಲ. ಕಂಪ್ಯೂಟರಿನಲ್ಲಾದರೆ ನುಡಿ ಕೀಲಿಮಣೆ. ಅದರಲ್ಲಿ ‘ದ’ ಮತ್ತು ‘ಧ’ ಒಂದೇ ಕೀಲಿಯ ಮೇಲಿವೆ, ‘ತ’ ಮತ್ತು ‘ಥ’ ಇನ್ನೊಂದರ ಮೇಲೆ; ಶಿಫ್ಟ್ ಒತ್ತಿದರೆ ಮಹಾಪ್ರಾಣ. ಅವಸರದ ಬೆರಳು ಅದನ್ನು ಒಂದು ಅಕ್ಷರ ಮೊದಲೇ ಒತ್ತಿ ಬಿಟ್ಟರೆ ‘ವಿದ್ಯಾರ್ಥಿ’ ‘ವಿಧ್ಯಾರ್ತಿ’ಯಾಗುತ್ತಾನೆ. ಮೊಬೈಲಿನಲ್ಲಾದರೆ ಅದು ತಾನಾಗಿ ಸೂಚಿಸುವ ಮೊದಲ ಪದವನ್ನೇ ಒತ್ತಿ ಮುಂದುವರಿಯುವುದು.

ಇಂಗ್ಲಿಷ್ ಸುತ್ತೋಲೆಗಳನ್ನು ಅನುವಾದ ಯಂತ್ರಕ್ಕೆ ಹಾಕುವುದೂ ಉಂಟಂತೆ. ‘ಪೋಷಕರು ದಯೆಯಿಂದ ವಿನಂತಿಸಲ್ಪಡುತ್ತಾರೆ’ ಎಂಬ ವಾಕ್ಯ ಎಲ್ಲಿಂದ ಬಂತು ಎಂದು ಆಗ ಗೊತ್ತಾಯಿತು. ಕನ್ನಡದಲ್ಲಿ ಅದಕ್ಕೆ ‘ದಯವಿಟ್ಟು ಬನ್ನಿ’ ಎಂದರೆ ಸಾಕು.

ಒಳ್ಳೆಯದನ್ನೂ ಹೇಳಬೇಕು. ಕ್ರೀಡಾ ಶಿಕ್ಷಕಿಯ ಸಂದೇಶಗಳು ಇಡೀ ವರ್ಷ ಒಂದು ತಪ್ಪೂ ಇಲ್ಲದೆ ಬಂದಿವೆ. ‘ನಾಳೆ, ಬುಧವಾರ, ಮಧ್ಯಾಹ್ನ 12.30ಕ್ಕೆ ಶಾಲೆ ಬಿಡುತ್ತದೆ. ಬಸ್ 12.45ಕ್ಕೆ ಹೊರಡುತ್ತದೆ. ಮಕ್ಕಳು ನೀರಿನ ಬಾಟಲಿ ತರಬೇಕು’. ವಾರ, ಹೊತ್ತು, ಏನು ತರಬೇಕು, ಅಷ್ಟೇ. ಆಶ್ಚರ್ಯಸೂಚಕ ಚಿಹ್ನೆಗಳ ಸಾಲು ಇಲ್ಲ, ‘ಶಾಲೆ ಗೆ’, ‘ಮಕ್ಕಳ ನ್ನು’ ಎಂದು ವಿಭಕ್ತಿಪ್ರತ್ಯಯವನ್ನು ಪದದಿಂದ ಕಿತ್ತು ದೂರ ಇಡುವುದಿಲ್ಲ. ಚಿಕ್ಕ ವಾಕ್ಯದಲ್ಲಿ ತಪ್ಪಿಗೆ ಅಡಗಿಕೊಳ್ಳಲು ಜಾಗವೂ ಕಡಿಮೆ. ಅವರಿಗೂ ಕೊನೆಯ ಗಂಟೆಯ ಅವಸರ ಇದ್ದೇ ಇರುತ್ತದೆ ಎಂಬುದನ್ನು ಶಾಲೆಯವರು ಗಮನಿಸಬೇಕು.

ಗುಮಾಸ್ತರಿಗೆ ನಾನು ಒಂದು ಹಾಳೆ ಬರೆದುಕೊಟ್ಟೆ. ವಿದ್ಯಾರ್ಥಿ, ಪೋಷಕರು, ಹಾಜರಾತಿ, ಮಧ್ಯಾಹ್ನ, ಬೋಧನೆ, ಪ್ರಬಂಧ, ಆಶೀರ್ವಾದ, ಉದ್ಘಾಟನೆ, ಪರೀಕ್ಷೆ, ಶುಭಾಶಯ. ಶಾಲೆಯ ಸಂದೇಶಗಳಲ್ಲಿ ಮತ್ತೆ ಮತ್ತೆ ಬರುವ ಪದಗಳು ಮೂವತ್ತಕ್ಕಿಂತ ಹೆಚ್ಚಿಲ್ಲ. ‘ಆಶೀರ್ವಾದ’ದ ಬಳಿ ಅವರು ನಿಂತರು, ಇಷ್ಟು ದಿನ ‘ಆರ್ಶೀವಾದ’ ಎಂದೇ ಬರೆಯುತ್ತಿದ್ದರಂತೆ. ಅರ್ಕಾವತ್ತನ್ನು ಅಕ್ಷರದ ನಂತರ ಬರೆದರೂ ಅದಕ್ಕಿಂತ ಮೊದಲು ಉಚ್ಚರಿಸುತ್ತೇವೆ, ಆ ತಿರುವಿನಲ್ಲೇ ಅದು ಒಂದು ಮನೆ ಹಿಂದಕ್ಕೆ ಜಿಗಿಯುತ್ತದೆ ಎಂದು ತೋರಿಸಿದೆ. ಹಾಳೆಯನ್ನು ಅವರು ಗಣಕದ ಪಕ್ಕದ ಗೋಡೆಗೆ ಅಂಟಿಸಿಕೊಂಡರು. ಆ ಮೇಲೆ ಬಂದ ಸಂದೇಶಗಳಲ್ಲಿ ಆ ಪದಗಳು ಸರಿಯಾಗಿವೆ.

ಲಸಿಕೆಯ ಸಂದೇಶವನ್ನು ಮಾತ್ರ ಶಾಲೆಯವರು ಸದ್ದಿಲ್ಲದೆ ಅಳಿಸಿ, ‘ಹಾಕಿಸಿದ’ ಎಂದು ತಿದ್ದಿದ ಇನ್ನೊಂದನ್ನು ಹಾಕಿದರು. ಹಿಂದಿನದು ತಪ್ಪಾಗಿತ್ತು ಎಂಬ ಒಂದು ಸಾಲು ಇರಲಿಲ್ಲ. ಮೊದಲಿನದನ್ನು ಓದಿ ಮೊಬೈಲ್ ಮುಚ್ಚಿಟ್ಟವರಿಗೆ ಎರಡನೆಯದು ಬೇರೆ ಎಂದು ತಿಳಿಯುವ ದಾರಿ ಯಾವುದು? ಪಕ್ಕದ ಮನೆಯ ತಾಯಿ ಆ ಶುಕ್ರವಾರ ಮಗನನ್ನು ಕರೆದುಕೊಂಡು ಶಿಬಿರಕ್ಕೆ ಹೋದರು. ಇನ್ನೆಷ್ಟು ಮನೆಗಳವರು ಹೋಗಲಿಲ್ಲವೋ. ಮೂರನೆಯ ನಕ್ಷತ್ರವನ್ನು ನಾನು ಈ ಕಾರಣಕ್ಕೇ ತಡೆಹಿಡಿದಿದ್ದೇನೆ.