ಫೋರ್ಜೇಯೊ: ಸರ್ವರ್ ನೋಡಿಕೊಳ್ಳುವವರ ಕಡೆಯಿಂದ ಒಂದು ವಿಮರ್ಶೆ

ಕೋಡ್ ಇಡುವ ತಾಣವನ್ನು ನಮ್ಮದೇ ಸರ್ವರಿನಲ್ಲಿ ನಡೆಸಲು ಬಳಸುವ ತಂತ್ರಾಂಶ ಫೋರ್ಜೇಯೊ. ಅದರ ಬಗ್ಗೆ ಬರೆದವರೆಲ್ಲ ಮೊದಲು ಹೇಳುವುದು ಅದನ್ನು ಇನ್‌ಸ್ಟಾಲ್ ಮಾಡುವುದು ಎಷ್ಟು ಸುಲಭ ಎಂಬುದನ್ನು. ಸುಲಭ ಹೌದು. ಒಂದೇ ಬೈನರಿ ಫೈಲು, ಅದರ ಹಿಂದೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್, ಮುಂದೆ ಬ್ರೌಸರಿನ ಕೋರಿಕೆಗಳನ್ನು ಮೊದಲು ಪಡೆಯುವ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್. ಬೆಳಿಗ್ಗೆ ಶುರು ಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮೊದಲ ಪುಶ್ (ಕೋಡನ್ನು ಸರ್ವರಿಗೆ ಕಳಿಸುವುದು) ಆಗಿರುತ್ತದೆ. ಆದರೆ ಇನ್‌ಸ್ಟಾಲ್ ಮಾಡುವುದು ಒಂದು ಸಲ, ನೋಡಿಕೊಳ್ಳುವುದು ವರ್ಷವಿಡೀ. ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಸರ್ವರಿನಲ್ಲಿ ನಾನು ಇದನ್ನು ನಡೆಸುತ್ತಿದ್ದೇನೆ. ಹಾಗಾಗಿ ಬಳಸುವವರಿಗೆ ಇದು ಹೇಗಿದೆ ಎನ್ನುವುದಕ್ಕಿಂತ, ಇಟ್ಟುಕೊಂಡವರ ಜೊತೆ ಇದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೇ ಇಲ್ಲಿ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗಿಟ್ ಎಂಬ ಸಾಧನದಿಂದ ಕೋಡನ್ನು ಅದರ ಬದಲಾವಣೆಗಳ ಇತಿಹಾಸದೊಂದಿಗೆ ಇಟ್ಟು ಹಂಚಿಕೊಳ್ಳುವ, ಗಿಟ್‌ಹಬ್ ತರಹದ್ದೊಂದು ತಾಣವನ್ನು ನಿಮ್ಮ ಸ್ವಂತ ಯಂತ್ರದಲ್ಲಿ ನಡೆಸಲು ಬೇಕಾದ ಸ್ವತಂತ್ರ ತಂತ್ರಾಂಶ ಇದು. ಇದರ ಬೇರು 2014ರ ಗಾಗ್ಸ್ ಎಂಬ ತಂತ್ರಾಂಶದಲ್ಲಿದೆ. ಅದರಿಂದ 2016ರಲ್ಲಿ ಗಿಟೀ ಕವಲೊಡೆಯಿತು. 2022ರ ಅಕ್ಟೋಬರಿನಲ್ಲಿ ಗಿಟೀಯ ಡೊಮೇನ್ ಮತ್ತು ಟ್ರೇಡ್‌ಮಾರ್ಕ್ ಒಂದು ಕಂಪನಿಯ ಕೈಗೆ ಹೋದ ಸುದ್ದಿ ಹೊರಬಿತ್ತು. ಗಿಟೀಗಾಗಿ ದುಡಿದವರಲ್ಲಿ ಹಲವರಿಗೆ ಅದು ಸರಿ ಕಾಣಲಿಲ್ಲ. ಅದೇ ಡಿಸೆಂಬರಿನಲ್ಲಿ, ಬರ್ಲಿನ್‌ನ ಲಾಭರಹಿತ ಸಂಘ ಕೋಡ್‌ಬರ್ಗ್‌ನ ಆಶ್ರಯದಲ್ಲಿ ಫೋರ್ಜೇಯೊ ಹುಟ್ಟಿತು. 2024ರಲ್ಲಿ ಬಂದ 9ನೇ ಆವೃತ್ತಿಯಿಂದ ಬದಲಿಸಿ ಹಂಚುವವರು ಅದನ್ನೂ ಮುಕ್ತವಾಗಿಯೇ ಇಡಬೇಕೆನ್ನುವ ಜಿಪಿಎಲ್ ಪರವಾನಗಿಗೆ ಹೋಯಿತು. ಕೋಡ್‌ಬರ್ಗ್ ತನ್ನ ತಾಣವನ್ನೂ ಇದರ ಮೇಲೆಯೇ ನಡೆಸುತ್ತದೆ. ಮಾಡುವವರೇ ಇದನ್ನು ದೊಡ್ಡ ಪ್ರಮಾಣದಲ್ಲಿ ದಿನವೂ ಬಳಸುತ್ತಾರೆ. ನಮಗೆ ಬರುವ ತೊಂದರೆ ಮೊದಲು ಅವರಿಗೇ ಬಂದಿರುತ್ತದೆ. ನಾನು ಇದನ್ನು ಆರಿಸಿದ ಮುಖ್ಯ ಕಾರಣ ಅದು. ಇಂಥದ್ದೇ ಇನ್ನೊಂದು ತಂತ್ರಾಂಶ ಗಿಟ್‌ಲ್ಯಾಬ್ ಕೂಡ ನೋಡಿದ್ದೆ. ಪೂಮಾ, ಸೈಡ್‌ಕಿಕ್, ಗಿಟಾಲಿ, ರೆಡಿಸ್ ಎಂದು ಅದರೊಳಗೆ ಓಡುವ ಭಾಗಗಳೇ ಹಲವು, ಮತ್ತು ಅದು ಕೇಳುವ ಮೆಮೊರಿ ನಮ್ಮ ಹಳೆಯ ಸರ್ವರಿಗೆ ಹೊರೆ. ಫೋರ್ಜೇಯೊ ಅದೇ ಯಂತ್ರದಲ್ಲಿ ಸದ್ದಿಲ್ಲದೆ ಓಡುತ್ತದೆ.

ಬ್ಯಾಕಪ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ಮಿಕ್ಕಿದ್ದೆಲ್ಲ ಅದರ ನಂತರ. ಫೋರ್ಜೇಯೊದಲ್ಲಿ ಕೋಡ್ ಇರುವುದು ಡಿಸ್ಕಿನ ಮೇಲೆ ಸಾದಾ ಗಿಟ್ ರೆಪೊಗಳಾಗಿ, ಅಂದರೆ ಕೋಡೂ ಅದರ ಇತಿಹಾಸವೂ ಇರುವ ಫೋಲ್ಡರುಗಳಾಗಿ. ನಾಳೆ ಫೋರ್ಜೇಯೊವನ್ನೇ ಕಿತ್ತುಹಾಕಿದರೂ ಆ ಫೋಲ್ಡರನ್ನು ಬೇರೆ ಯಂತ್ರಕ್ಕೆ ನಕಲು ಮಾಡಿ ಅಲ್ಲಿಂದ ಕ್ಲೋನ್ ಮಾಡಬಹುದು (ಕೋಡನ್ನು ಪೂರ್ತಿ ಇಳಿಸಿಕೊಳ್ಳಬಹುದು). ಯಾವ ಗುಪ್ತ ರೂಪವೂ ಇಲ್ಲ, ಇದು ನನಗೆ ತುಂಬ ಹಿಡಿಸಿತು. ಆದರೆ ಇಶ್ಯೂಗಳು (ದೂರು, ಕೆಲಸಗಳ ಪಟ್ಟಿ), ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮೇಲಿನ ಚರ್ಚೆ, ಖಾತೆಗಳು, ಯಾರಿಗೆ ಯಾವ ಅನುಮತಿ ಎಂಬುದೆಲ್ಲ ಇರುವುದು ಡೇಟಾಬೇಸಿನಲ್ಲಿ. ಎರಡನ್ನೂ ಬೇರೆ ಬೇರೆಯಾಗಿ, ಒಂದೇ ಹೊತ್ತಿಗೆ ಉಳಿಸಬೇಕು. ಜೊತೆಗೆ ಬರುವ ಡಂಪ್ ಆದೇಶ ಎಲ್ಲವನ್ನೂ ಒಂದು ಜಿಪ್ ಮಾಡಿ ಕೊಡುತ್ತದೆ. ಡೇಟಾಬೇಸಿನ ಮಟ್ಟಿಗೆ ಅದನ್ನು ನಂಬಬೇಡಿ, ಪೋಸ್ಟ್‌ಗ್ರೆಸ್‌ನದೇ ಬ್ಯಾಕಪ್ ಸಾಧನ ಪಿಜಿ‌ಡಂಪ್ ಬಳಸಿ. ನಾನು ರಾತ್ರಿ ಸೇವೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಎರಡನ್ನೂ ತೆಗೆಯುತ್ತೇನೆ. ಆ ಹೊತ್ತಿನಲ್ಲಿ ಪುಶ್ ಮಾಡುವ ಹುಡುಗರು ಗೊಣಗುತ್ತಾರೆ, ಗೊಣಗಲಿ.

ಮೂರನೆಯದೊಂದು ಇದೆ, ಅದನ್ನು ಮರೆಯುವವರು ಜಾಸ್ತಿ. ಸೆಟ್ಟಿಂಗ್ ಫೈಲಿನಲ್ಲಿ ಒಂದು ಗುಪ್ತ ಕೀಲಿ ಇರುತ್ತದೆ. ಎರಡು ಹಂತದ (ಪಾಸ್‌ವರ್ಡಿನ ಜೊತೆ ಫೋನಿನ ಕೋಡನ್ನೂ ಕೇಳುವ) ಲಾಗಿನ್‌ನ ರಹಸ್ಯಗಳನ್ನು ಡೇಟಾಬೇಸಿನಲ್ಲಿ ಎನ್‌ಕ್ರಿಪ್ಟ್ ಮಾಡಿಡುವುದು ಅದರಿಂದಲೇ. ಡೇಟಾಬೇಸ್ ವಾಪಸ್ ಬಂದು ಕೀಲಿ ಬರದಿದ್ದರೆ, ಎರಡು ಹಂತ ಹಾಕಿಕೊಂಡವರ್‍ಯಾರೂ ಫೋನಿನ ಕೋಡ್ ಕೊಟ್ಟು ಒಳಗೆ ಬರಲಾಗುವುದಿಲ್ಲ, ಆಡ್ಮಿನ್ ಕೂಡ. ಆ ಫೈಲನ್ನೂ ಬ್ಯಾಕಪ್‌ಗೆ ಸೇರಿಸಿ.

ಬ್ಯಾಕಪ್ ವಿಷಯದಲ್ಲಿ ನಾನು ಇಷ್ಟು ಹಟ ಮಾಡುವುದಕ್ಕೆ ಗಿಟ್‌ಲ್ಯಾಬ್ ಮಾಡುವವರೇ ನಡೆಸುವ ಗಿಟ್‌ಲ್ಯಾಬ್ ಡಾಟ್ ಕಾಮ್ ತಾಣದಲ್ಲಿ 2017ರ ಜನವರಿ 31ರಂದು ನಡೆದದ್ದೇ ಕಾರಣ. ಡೇಟಾಬೇಸ್ ನಕಲಿನ ತೊಂದರೆ ಸರಿಪಡಿಸುತ್ತಿದ್ದ ಇಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಡೇಟಾ ಫೋಲ್ಡರ್ ಅಳಿಸಿದರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ತೆಗೆಯೋಣವೆಂದರೆ ಬ್ಯಾಕಪ್ಪೇ ಇಲ್ಲ: ಡೇಟಾಬೇಸ್ 9.6ನೇ ಆವೃತ್ತಿಯದು, ಪಿಜಿ‌ಡಂಪ್ 9.2ರದು, ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ಹೇಳುವ ಮೇಲ್‌ಗಳು ಡಿಜಿಟಲ್ ಸಹಿ ಸರಿಯಿಲ್ಲದೆ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಆರು ಗಂಟೆ ಹಳೆಯ ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕಿನ ನಕಲು) ಒಂದು ಕಾಪಾಡಿತು. ಗಮನಿಸಿ, ಆಗಲೂ ಗಿಟ್ ರೆಪೊಗಳಿಗೆ ಏನೂ ಆಗಲಿಲ್ಲ. ಹೋದದ್ದು ಡೇಟಾಬೇಸಿನಲ್ಲಿದ್ದ ಇಶ್ಯೂ, ಕಮೆಂಟು, ಖಾತೆಗಳು. ಕೋಡ್‌ಗೆ ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಒಂದು ನಕಲಿರುತ್ತದೆ, ಮಾತಿಗೆ ಇರುವುದಿಲ್ಲ. ಅವರು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದ್ದಕ್ಕೆ ನಮ್ಮಂಥ ಸಣ್ಣವರು ಋಣಿಗಳಾಗಿರಬೇಕು. ಅದನ್ನು ಓದಿದ ಮೇಲೆ, ಪ್ರತಿ ಸೆಮಿಸ್ಟರ್ ರಜೆಯಲ್ಲಿ ನಮ್ಮ ಬ್ಯಾಕಪ್ಪನ್ನು ಬೇರೊಂದು ಖಾಲಿ ಯಂತ್ರಕ್ಕೆ ಹಾಕಿ, ಲಾಗಿನ್ ಆಗಿ, ಒಂದು ಹಳೆಯ ಪುಲ್ ರಿಕ್ವೆಸ್ಟ್ ತೆರೆದು ನೋಡುವುದು ನಮ್ಮ ಲ್ಯಾಬಿನ ರೂಢಿ. ಫೋರ್ಜೇಯೊ ಇದನ್ನು ಕಷ್ಟ ಮಾಡುವುದಿಲ್ಲ. ಡಾಕ್ಟರ್ ಎಂಬ ಆದೇಶವೊಂದು ಡೇಟಾಬೇಸಿಗೂ ಡಿಸ್ಕಿಗೂ ತಾಳೆ ಇದೆಯೇ ಎಂದು ಪರೀಕ್ಷಿಸಿ ಹೇಳುತ್ತದೆ.

ಇನ್ನು ಹೊರಗಿನವರ ಕಾಟ. ಸರ್ವರ್ ಇಂಟರ್ನೆಟ್ಟಿಗೆ ತೆರೆದುಕೊಂಡ ಮರುಗಳಿಗೆಯಿಂದ ಇದು ಶುರು. ನೋಂದಣಿ ಮುಕ್ತವಾಗಿದ್ದರೆ ಸುಳ್ಳು ಖಾತೆಗಳು ಬಂದು ಪ್ರೊಫೈಲಿನಲ್ಲಿ ಜೂಜು, ಸಾಲದ ಜಾಹೀರಾತಿನ ಕೊಂಡಿಗಳನ್ನು ತುಂಬುತ್ತವೆ. ಇದಕ್ಕೆ ಮದ್ದು ಸುಲಭ: ಕಾಲೇಜಿನ ಮೇಲ್ ವಿಳಾಸದವರು ಮಾತ್ರ ಸೇರಬಹುದೆಂದು ಒಂದು ಸಾಲು ಬರೆದರಾಯಿತು. ಸಾರ್ವಜನಿಕ ತಾಣ ನಡೆಸುವವರಿಗೆ ಆ ಸೌಕರ್ಯವಿಲ್ಲ. 2025ರ ಫೆಬ್ರವರಿಯಲ್ಲಿ ಕೋಡ್‌ಬರ್ಗ್ ಮೇಲೆ ದ್ವೇಷದ ದಾಳಿಯೇ ನಡೆಯಿತು. ಇಶ್ಯೂಗಳಲ್ಲಿ ಬಳಕೆದಾರರ ಹೆಸರುಗಳನ್ನು ನಮೂದಿಸಿ, ತಾಣದ್ದೇ ಸೂಚನಾ ಮೇಲ್‌ಗಳ ಮೂಲಕ ಬೈಗುಳವನ್ನು ಅವರ ಇನ್‌ಬಾಕ್ಸಿಗೆ ಕಳಿಸಿದರು.

ಸ್ಪ್ಯಾಮ್‌ಗಿಂತ ದೊಡ್ಡ ಕಾಟ ಕ್ರಾಲರ್‌ಗಳದ್ದು, ಅಂದರೆ ತಾಣದ ಪುಟಗಳನ್ನೆಲ್ಲ ತಾವಾಗಿಯೇ ತೆರೆದು ಬಾಚುವ ತಂತ್ರಾಂಶಗಳದ್ದು. ಕೋಡ್ ತಾಣದ ಸ್ವಭಾವವೇ ಇದಕ್ಕೆ ಒಳ್ಳೆಯ ಮೇವು. ಒಂದು ರೆಪೊದಲ್ಲಿ ಐದು ಸಾವಿರ ಕಮಿಟ್ (ದಾಖಲಾದ ಬದಲಾವಣೆ) ಇದ್ದರೆ, ಪ್ರತಿ ಕಮಿಟ್ಟಿಗೂ ಒಂದು ವ್ಯತ್ಯಾಸದ ಪುಟ, ಆ ಸ್ಥಿತಿಯಲ್ಲಿ ಪ್ರತಿ ಫೈಲಿಗೂ ಒಂದು ಪುಟ, ಯಾವ ಸಾಲು ಯಾರು ಬರೆದದ್ದೆಂದು ತೋರಿಸುವ ಬ್ಲೇಮ್ ಪುಟ, ಮೇಲೆ ಜಿಪ್ ಮತ್ತು ಟಾರ್ ಡೌನ್‌ಲೋಡ್ ಕೊಂಡಿಗಳು. ಒಂದು ರೆಪೊದಿಂದ ಲಕ್ಷಗಟ್ಟಲೆ ವಿಳಾಸ. ಮನುಷ್ಯರು ಇವುಗಳಲ್ಲಿ ಬೆರಳೆಣಿಕೆಯಷ್ಟನ್ನು ತೆರೆಯುತ್ತಾರೆ, ಕ್ರಾಲರ್ ಎಲ್ಲವನ್ನೂ ಕೇಳುತ್ತದೆ. ಬ್ಲೇಮ್ ಪುಟ ತಯಾರಿಸಲು ಸಿಪಿಯು ಬೇಕು. ಜಿಪ್ ಕೇಳಿದಾಗಲೆಲ್ಲ ಫೋರ್ಜೇಯೊ ಅದನ್ನು ತಯಾರಿಸಿ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ. 24 ಗಂಟೆಗಿಂತ ಹಳೆಯದನ್ನು ಗುಡಿಸುವ ವ್ಯವಸ್ಥೆ ಇದ್ದರೂ, ಒಂದು ರಾತ್ರಿಯಲ್ಲಿ ಡಿಸ್ಕ್ ತುಂಬಲು ಅಷ್ಟು ಸಮಯ ಧಾರಾಳ. ಡಿಸ್ಕ್ ತುಂಬಿದರೆ ಡೇಟಾಬೇಸ್ ಬರೆಯಲಾರದೆ ನಿಲ್ಲುತ್ತದೆ, ಬೆಳಿಗ್ಗೆ ಫೋನು ಬರುತ್ತದೆ.

ಫೋರ್ಜೇಯೊ ಮೇಲೆ ನನ್ನ ನಿಜವಾದ ದೂರು ಇಲ್ಲಿದೆ. ಈ ಕಾಲದಲ್ಲಿ ಇಂಥ ಭಾರದ ಪುಟಗಳನ್ನು ಲಾಗಿನ್ ಆದವರಿಗಷ್ಟೇ ಕೊಡುವುದು ಇನ್‌ಸ್ಟಾಲ್ ಮಾಡಿದಾಗಲೇ ಜಾರಿಯಲ್ಲಿರಬೇಕು. ಜಿಪ್ ಡೌನ್‌ಲೋಡನ್ನು ಪೂರ್ತಿ ಬಂದ್ ಮಾಡುವ ಸೆಟ್ಟಿಂಗ್ ಇದೆ, ಇಡೀ ತಾಣಕ್ಕೆ ಲಾಗಿನ್ ಕಡ್ಡಾಯ ಮಾಡುವುದೂ ಇದೆ. ನಡುವಿನ ದಾರಿಯನ್ನು ಎನ್‌ಜಿನ್‌ಎಕ್ಸ್‌ನಲ್ಲಿ ನಾನೇ ಬರೆದುಕೊಂಡೆ. ಬ್ರೌಸರಿಗೆ ಒಂದು ಲೆಕ್ಕ ಕೊಟ್ಟು ಬಿಡಿಸಿದ ಮೇಲಷ್ಟೇ ಒಳಗೆ ಬಿಡುವ ಅನುಬಿಸ್ ಅನ್ನು ಹಲವರು ಬಳಸುತ್ತಾರೆ, ಕೋಡ್‌ಬರ್ಗ್ ಕೂಡ ಹಾಕಿತ್ತು. 2025ರ ಆಗಸ್ಟಿನಲ್ಲಿ ಅವರೇ ಹೇಳಿದರು, ಕ್ರಾಲರ್‌ಗಳು ಆ ಲೆಕ್ಕವನ್ನೂ ಬಿಡಿಸಲು ಕಲಿತಿವೆ ಎಂದು. ಹಳೆಯ ಮೊಬೈಲಿನಿಂದ ಬರುವ ವಿದ್ಯಾರ್ಥಿಗೆ ಆ ಲೆಕ್ಕದ ಪುಟ ನಿಧಾನ, ದೊಡ್ಡ ಡೇಟಾ ಸೆಂಟರಿನಿಂದ ಬರುವ ಕ್ರಾಲರಿಗೆ ಅದೊಂದು ಅಡ್ಡಿಯೇ ಅಲ್ಲ. ಆದ್ದರಿಂದ ನಾನು ಅದನ್ನು ಹಾಕಿಲ್ಲ.

ಆಕ್ಷನ್ಸ್, ಅಂದರೆ ಪುಶ್ ಆದೊಡನೆ ಪರೀಕ್ಷೆಗಳನ್ನು ತಾನೇ ಓಡಿಸುವ ಸೌಲಭ್ಯ, ಚೆನ್ನಾಗಿದೆ. ಅದನ್ನು ಓಡಿಸುವ ರನ್ನರ್ ಬೇರೆಯೇ ಒಂದು ತಂತ್ರಾಂಶ. ಅದನ್ನು ಕೋಡ್ ಇರುವ ಸರ್ವರಿನಲ್ಲಿ ಎಂದೂ ಇಡಬೇಡಿ. ಯಾರೋ ಬರೆದ ಸ್ಕ್ರಿಪ್ಟನ್ನು ಅದು ಓಡಿಸುತ್ತದೆ ಎಂಬುದು ನೆನಪಿರಲಿ. ಯಾವ ಪರೀಕ್ಷೆ ಓಡಿಸಬೇಕೆಂದು ಗಿಟ್‌ಹಬ್‌ಗಾಗಿ ಬರೆದ ಫೈಲುಗಳನ್ನೇ ಇಲ್ಲಿ ಬಳಸಬಹುದು ಎಂದುಕೊಂಡು ಬರುವವರಿಗೆ ಒಂದು ಮಾತು: ನೋಡಲು ಹಾಗೆಯೇ ಇದೆ, ಪೂರ್ತಿ ಹಾಗೆಯೇ ಇಲ್ಲ. ಗಿಟ್‌ಹಬ್‌ನಿಂದ ತಂದ ರೆಪೊದಲ್ಲಿ ಅಂಥ ಹಳೆಯ ಫೈಲುಗಳಿದ್ದರೆ ಫೋರ್ಜೇಯೊ ಅವನ್ನೂ ಓದುತ್ತದೆ, ಅವು ಕೇಳುವ ಹೆಸರಿನ ರನ್ನರ್ ನಿಮ್ಮಲ್ಲಿ ಇರುವುದಿಲ್ಲ. ಆಮೇಲೆ “ಮೇಡಂ, ಜಾಬ್ ವೇಟಿಂಗ್ ಅಂತ ಬಿಟ್ಟು ಮುಂದ ಹೋಗವಲ್ದರೀ” ಎಂದು ಹುಡುಗರು ಬಂದು ನಿಲ್ಲುತ್ತಾರೆ. ಹೆಸರು ಹೊಂದುವ ರನ್ನರ್ ಇಲ್ಲ ಎಂದು ಪರದೆಯ ಮೇಲೆ ಇನ್ನೂ ಎದ್ದು ಕಾಣುವಂತೆ ಹೇಳಬೇಕಿತ್ತು.

ಜಾಗ ಉಳಿಸಲು ಒಂದು ಒಳ್ಳೆಯ ದಾರಿ ಇದರಲ್ಲಿದೆ, ಯಾರೂ ಹೇಳುವುದಿಲ್ಲ. ಅರವತ್ತು ಮಕ್ಕಳ ತರಗತಿ ಒಂದೇ ರೆಪೊವನ್ನು ಫೋರ್ಕ್ ಮಾಡಿದರೆ (ತಂತಮ್ಮ ಖಾತೆಗೆ ನಕಲಿಸಿಕೊಂಡರೆ) ಅರವತ್ತು ನಕಲು. ಎಜಿಟ್ ಎಂಬ ಕ್ರಮದಲ್ಲಿ, ಫೋರ್ಕ್ ಮಾಡದೆ ನೇರ ಮೂಲ ರೆಪೊಗೇ ಒಂದು ವಿಶೇಷ ವಿಳಾಸಕ್ಕೆ ಪುಶ್ ಮಾಡಿದರೆ ಅದೇ ಪುಲ್ ರಿಕ್ವೆಸ್ಟ್ ಆಗಿ ತೆರೆದುಕೊಳ್ಳುತ್ತದೆ. ಆದೇಶ ಸ್ವಲ್ಪ ಉದ್ದ, ಬೋರ್ಡಿನ ಮೇಲೆ ಬರೆದುಕೊಟ್ಟರೆ ಎರಡನೇ ಕ್ಲಾಸಿಗೆ ರೂಢಿಯಾಗುತ್ತದೆ.

ಕನ್ನಡದ ಮಾತು. ಇಶ್ಯೂ, ಕಮಿಟ್ ಸಂದೇಶ, ಫೈಲ್ ಹೆಸರು ಎಲ್ಲವೂ ಕನ್ನಡದಲ್ಲಿ ಸರಿಯಾಗಿ ಕಾಣುತ್ತವೆ. ಟರ್ಮಿನಲ್ಲಿನಲ್ಲಿ ಗಿಟ್ ಕನ್ನಡದ ಫೈಲ್ ಹೆಸರನ್ನು ಅಂಕಿಗಳ ಸಾಲಾಗಿ ತೋರಿಸುವುದು ಗಿಟ್‌ನ ಅಭ್ಯಾಸ, ಅದರ ಕೋಟ್‌ಪಾತ್ ಸೆಟ್ಟಿಂಗ್ ಆಫ್ ಮಾಡಿದರೆ ಸರಿಹೋಗುತ್ತದೆ. ಆದರೆ ಕನ್ನಡದ ಪದಪಟ್ಟಿ ಅಥವಾ ಅನುವಾದದ ಫೈಲು ತೆರೆದರೆ, ಇದರಲ್ಲಿ ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರಗಳಿವೆ ಎಂಬ ಎಚ್ಚರಿಕೆ ಮೇಲೆ ಬರುತ್ತದೆ. ಹೊಸಬರು ಗಾಬರಿಯಾಗುತ್ತಾರೆ. ಅರ್ಕಾವತ್ತು, ಒತ್ತಕ್ಷರ ಬಿಡಿಸಿ ಬರೆಯಲು ನಾವು ದಿನವೂ ಬಳಸುವ ಜೋಡಕ (ZWJ), ಬೇರ್ಪಡಕ (ZWNJ) ಎಂಬ ಕಾಣದ ಚಿಹ್ನೆಗಳೇ ಅವು. 2021ರಲ್ಲಿ ಕೇಂಬ್ರಿಜ್‌ನ ಸಂಶೋಧಕರು, ಕಾಣದ ಅಕ್ಷರಗಳಿಂದ ಕೋಡ್‌ನ ಅರ್ಥವನ್ನೇ ಮರೆಮಾಚಬಹುದೆಂದು ತೋರಿಸಿದ ಮೇಲೆ ಇಂಥ ಎಚ್ಚರಿಕೆಗಳು ಬಂದವು. ಉದ್ದೇಶ ಒಳ್ಳೆಯದೇ. ಈ ಪತ್ತೆಯನ್ನು ಆಫ್ ಮಾಡಿಡಲು ಬರುತ್ತದೆ, ನಾನು ಮಾಡಿಲ್ಲ, ಕೋಡ್ ಫೈಲುಗಳಲ್ಲಿ ಅದು ಬೇಕು. ಆದರೆ ಕನ್ನಡ ಅಕ್ಷರಗಳ ನಡುವೆ ಬರುವ ಜೋಡಕ ಸಹಜವಾದದ್ದು ಎಂದು ಈ ತಂತ್ರಾಂಶ ಗುರುತಿಸಲು ಕಲಿಯಲೇಬೇಕು. ನಮ್ಮ ಬರವಣಿಗೆಯನ್ನು ಅನುಮಾನದಿಂದ ನೋಡುವ ಹಳದಿ ಪಟ್ಟಿ ನನಗೆ ಪ್ರತಿ ಸಲವೂ ಬೇಸರ ತರಿಸುತ್ತದೆ.

ಆವೃತ್ತಿ ಬದಲಾವಣೆ ಮೂರು ತಿಂಗಳಿಗೊಮ್ಮೆ. ಡೇಟಾಬೇಸ್ ಒಮ್ಮೆ ಹೊಸ ರೂಪಕ್ಕೆ ಹೋದರೆ ಹಿಂದಕ್ಕೆ ಬರುವುದಿಲ್ಲ, ಹಾಗಾಗಿ ಬ್ಯಾಕಪ್ ತೆಗೆಯದೆ ಕೈಹಾಕಬೇಡಿ. ಕಾಲೇಜಿನಂಥ ಕಡೆ ದೀರ್ಘಾವಧಿ ಬೆಂಬಲದ ಆವೃತ್ತಿಯೇ ಸರಿ: 2024ರ ಏಪ್ರಿಲಿನ 7, 2025ರ ಏಪ್ರಿಲಿನ 11 ಅಂಥವು, ಒಂದೊಂದಕ್ಕೂ ಒಂದು ವರ್ಷ ಮೂರು ತಿಂಗಳ ಬೆಂಬಲ. ಬೇಸಿಗೆ ರಜೆಯಲ್ಲಿ ಒಂದರಿಂದ ಮುಂದಿನದಕ್ಕೆ ಹೋಗಲು ಹೇಳಿ ಮಾಡಿಸಿದ ಲೆಕ್ಕ. ನಡುವೆ ಬರುವ ಭದ್ರತಾ ತೇಪೆಗಳನ್ನು ಮಾತ್ರ ಬಂದ ದಿನವೇ ಹಾಕಿ. ಈಗ ಗಿಟೀ ನಡೆಸುತ್ತಿರುವವರು ಗಮನಿಸಬೇಕಾದದ್ದು: 1.22ರವರೆಗಿನ ಗಿಟೀಯಿಂದ ಫೋರ್ಜೇಯೊ 10ಕ್ಕೆ ನೇರ ಬರಬಹುದು, ಅದಕ್ಕಿಂತ ಹೊಸದರಿಂದ ಆ ದಾರಿ ಇಲ್ಲ. ಆಗ ಪ್ರತಿ ರೆಪೊವನ್ನೂ ವಲಸೆ ಸೌಲಭ್ಯದಿಂದ ಒಂದೊಂದಾಗಿ ತರಬೇಕಾಗುತ್ತದೆ.

ಲಾಗ್ ನೋಡಲು, ಬ್ಯಾಕಪ್ ಪರೀಕ್ಷಿಸಲು ಒಬ್ಬರಾದರೂ ಇರುವ ಕಾಲೇಜು, ಸಣ್ಣ ಕಂಪನಿ, ಪುಟ್ಟ ತಂಡಗಳಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಆ ಒಬ್ಬರು ರಜೆ ಹಾಕಿದರೆ ಕೀಲಿ ಎಲ್ಲಿದೆ ಎಂದು ಇನ್ನೊಬ್ಬರಿಗೂ ಗೊತ್ತಿರಲಿ. ಹಾಗೆ ಯಾರೂ ಇಲ್ಲದಿದ್ದರೆ, ಮತ್ತು ನಿಮ್ಮ ಕೋಡ್ ಮುಕ್ತ ಪರವಾನಗಿಯದಾಗಿದ್ದರೆ, ಕೋಡ್‌ಬರ್ಗ್‌ನಲ್ಲಿಯೇ ಖಾತೆ ತೆರೆಯಿರಿ. ತಂತ್ರಾಂಶ ಇದೇ, ನೋಡಿಕೊಳ್ಳುವವರು ಅವರು. ಕೈಲಾದಷ್ಟು ದೇಣಿಗೆ ಕೊಡಿ.