ಊರಿನ ಹಳೇ ನಕ್ಷೆಗೆ ಯಾವುದು ವಾಸಿ: ಡಿಟಿಪಿ, ಮೈ ಮ್ಯಾಪ್ಸ್, ಗೂಗಲ್ ಅರ್ತ್ ಪ್ರೊ, ಕ್ಯೂಜಿಐಎಸ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್‌ಗೆ. ಉಳಿದ ಮೂರನ್ನೂ ನೋಡಿದ್ದೇನೆ, ಅದರಲ್ಲಿ ಎರಡು ಈಗಲೂ ಬಳಕೆಯಲ್ಲಿವೆ. ಆದರೆ ಶಾಸನ, ಕೆರೆ, ಬಂಡಿದಾರಿ ಎಲ್ಲವೂ ಒಂದೇ ನಕ್ಷೆಯಲ್ಲಿ ಬರಬೇಕು, ಅದು ಪುಸ್ತಕದಲ್ಲಿ ಅಚ್ಚಾಗಲೂಬೇಕು ಅಂದರೆ ಇದೇ ಸರಿ.

ನನಗೆ ಬೇಕಿದ್ದದ್ದು ಕೋಲಾರ ಜಿಲ್ಲೆಯ ನಮ್ಮ ಹೋಬಳಿಯ ಚರಿತ್ರೆಗೆ ಒಂದು ಒಳ್ಳೆಯ ನಕ್ಷೆ. ಬಿ.ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ 10ನೇ ಸಂಪುಟ ನಮ್ಮ ಜಿಲ್ಲೆಯದು, 1905ರದ್ದು. ಪ್ರತಿ ಶಾಸನಕ್ಕೂ ಅದು ಸಿಕ್ಕ ಜಾಗ ಕೊಟ್ಟಿದ್ದಾರೆ. ಇಂಥ ಊರಿನ ಕೆರೆ ತೂಬಿನ ಹತ್ತಿರ, ಊರಿನ ಪೂರ್ವಕ್ಕೆ ಹೊಲದಲ್ಲಿ, ದೇವಸ್ಥಾನದ ಮುಂದೆ ಅಂತ. ಆಗ ಹುಡುಕಿಕೊಂಡು ಹೋಗೋರಿಗೆ ಅಷ್ಟು ಸಾಕಿತ್ತು. ಈಗ ಗುಂಡುತೋಪು ಇದ್ದ ಕಡೆ ನೀಲಗಿರಿ ಬೆಳೆದಿದೆ, ತೂಬು ಹೂಳಿನಡಿ ಸೇರಿದೆ, ಊರು ರಸ್ತೆ ಬದಿಗೆ ಬಂದುಬಿಟ್ಟಿದೆ. ಹಾಗಾಗಿ ಹಳೇ ಗ್ರಾಮ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕರಾರುವಾಕ್ಕಾಗಿ ಕೂರಿಸಬೇಕು. ಆಗ ಮಾತ್ರ 'ಊರಿನ ಪೂರ್ವಕ್ಕೆ' ಅಂದರೆ ಎಲ್ಲಿ ಅಂತ ಗೊತ್ತಾಗುತ್ತದೆ.

ಗ್ರಾಮ ನಕ್ಷೆ ಸಿಗುವುದು ಕಷ್ಟವಲ್ಲ. ಭೂಮಾಪನ ಇಲಾಖೆಯ ಜಾಲತಾಣದಲ್ಲೇ ಪಿಡಿಎಫ್ ಇದೆ. ಮೈಲಿಗೆ ಎಂಟು ಇಂಚು, ಅಂದರೆ 1:7920 ಅಳತೆ. ಸರ್ವೆ ನಂಬರ್, ಹಳ್ಳ, ಬಾವಿ, ದಾರಿ, ಕೆರೆ ಎಲ್ಲ ಅದರಲ್ಲಿರುತ್ತದೆ.

ಮೊದಲು ಹೋದದ್ದು ಡಿಟಿಪಿ ಅಂಗಡಿಗೆ. ದುಡ್ಡು ಕೊಟ್ಟು ಬರೆಸಿದೆ. ನೋಡೋಕೆ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು. ಆದರೆ ಕೆರೆಯ ಕೋಡಿ ಎದುರು ದಿಕ್ಕಿಗೆ ಬಂದಿತ್ತು. ನಾನು ಯೂನಿಕೋಡ್‌ನಲ್ಲಿ ಕೊಟ್ಟ ಹೆಸರುಗಳನ್ನು ಅವರು ತಮ್ಮ ಹಳೇ ಫಾಂಟಿನಲ್ಲಿ ಮತ್ತೆ ಟೈಪ್ ಮಾಡಿದ್ದರು, ಒತ್ತಕ್ಷರ ಅಲ್ಲಲ್ಲಿ ತಪ್ಪಿತ್ತು. ಪ್ರತಿ ತಿದ್ದುಪಡಿಗೂ ಮತ್ತೆ ಕಾಸು, ಮತ್ತೆ ಕಾಯುವುದು. ಚರಿತ್ರೆಯ ನಕ್ಷೆ ಅಂದರೆ ತಿದ್ದುತ್ತಲೇ ಇರಬೇಕು, ಅಲ್ವಾ? ಹೊಸದೊಂದು ವೀರಗಲ್ಲು ಸಿಕ್ಕಿತು ಅಂದರೆ ಅವತ್ತೇ ಸೇರಿಸಬೇಕು. ಅದು ಇಲ್ಲಿ ಆಗದ ಮಾತು.

ಗೂಗಲ್ ಮೈ ಮ್ಯಾಪ್ಸ್, ಅಂದರೆ ಜಾಲದಲ್ಲೇ ನಮ್ಮದೊಂದು ನಕ್ಷೆ ಮಾಡುವ ಸೌಲಭ್ಯ, ಬಲು ಸುಲಭ. ಚುಕ್ಕೆ ಇಡಿ, ಹೆಸರು ಬರೆಯಿರಿ, ಫೋಟೋ ಹಾಕಿ, ಕೊಂಡಿ ಕಳಿಸಿ. ಕನ್ನಡ ಸ್ವಲ್ಪವೂ ಕೆಡುವುದಿಲ್ಲ. ಹಳೇ ನಕ್ಷೆಯ ಚಿತ್ರವನ್ನು ಮೇಲೆ ಹಾಸಲು ಮಾತ್ರ ಅಲ್ಲಿ ಜಾಗವೇ ಇಲ್ಲ. ಈ ಕೆಲಸದ ಮಟ್ಟಿಗೆ ಅದು ಅಲ್ಲಿಗೆ ಮುಗಿಯಿತು.

ಗೂಗಲ್ ಅರ್ತ್ ಪ್ರೊ ಬಗ್ಗೆ ನನಗೆ ಪ್ರೀತಿ ಇದೆ. 2015ರಿಂದ ಅದು ಪುಕ್ಕಟೆ. ಹಳೇ ವರ್ಷಗಳ ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಎಳೆದು ನೋಡಬಹುದು. ನಮ್ಮ ಕಡೆ ಇದರಿಂದ ಬಹಳ ಉಪಯೋಗ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರಕ್ಕೆ ತರುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಆಮೇಲಿನ ಚಿತ್ರಗಳಲ್ಲಿ ತುಂಬಿದ ಕೆರೆಗಳ ಅಂಗಳ ನೀರಿನಡಿ ಹೋಗಿದೆ. ಅದಕ್ಕೂ ಮುಂಚಿನ ಬೇಸಿಗೆ ಚಿತ್ರ ತೆಗೆದರೆ ಒಣಗಿದ ಅಂಗಳ, ಅದರೊಳಗಿನ ಹಳೇ ಕಾಲುದಾರಿ, ಏರಿಯ ಒಳಬದಿ ಎಲ್ಲ ಕಣ್ಣಿಗೆ ಬೀಳುತ್ತದೆ.

ತಲೆನೋವು ಇರುವುದು ನಕ್ಷೆ ಕೂರಿಸುವಲ್ಲಿ. ಅರ್ತ್ ಪ್ರೊನಲ್ಲಿ ಚಿತ್ರವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ತಿರುಗಿಸಬಹುದು. ಬಗ್ಗಿಸಲು ಆಗುವುದಿಲ್ಲ. ನಮ್ಮ ಗ್ರಾಮ ನಕ್ಷೆಯೋ, ವರ್ಷಗಟ್ಟಲೆ ಮಡಿಸಿಟ್ಟ ಕಾಗದ. ಮಡಿಕೆಯ ಹತ್ತಿರ ಒಂದು ಅಳತೆ, ಅಂಚಿನಲ್ಲಿ ಇನ್ನೊಂದು. ಅದನ್ನೇ ಸ್ಕ್ಯಾನ್ ಮಾಡಿದ್ದಾರೆ. ಕೆರೆ ಏರಿಯ ಎರಡೂ ತುದಿ ಸರಿಯಾಗಿ ಕೂರಿಸಿ ಉಸಿರು ಬಿಟ್ಟರೆ, ಆ ಕಡೆ ಬಸವಣ್ಣನ ಗುಡಿ ಪಕ್ಕದ ರಾಗಿ ಹೊಲಕ್ಕೆ ಹೋಗಿ ಕೂತಿರುತ್ತದೆ. ಗುಡಿ ಸರಿ ಮಾಡಿದರೆ ಏರಿ ನೀರೊಳಗೆ. ಮೂಲೆ ಹಿಡಿದು ಎಳೆದರೆ ಇಡೀ ಊರೇ ಜರುಗುತ್ತದೆ.

ಅಷ್ಟು ವ್ಯತ್ಯಾಸ ಪರವಾಗಿಲ್ಲ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ದೊಡ್ಡ ವ್ಯತ್ಯಾಸವೇ. ಶಾಸನದ ಕಲ್ಲು ಒಂದು ಹೊಲದ ಮೂಲೆಯಲ್ಲಿರುತ್ತದೆ. ಅಲ್ಲಿ ಐವತ್ತು ಮೀಟರ್ ಆಚೀಚೆ ಆದರೆ ಸರ್ವೆ ನಂಬರೇ ಬೇರೆ, ಯಜಮಾನರೇ ಬೇರೆ. ತಪ್ಪು ಹೊಲಕ್ಕೆ ಹೋಗಿ 'ಅಣ್ಣಾ, ಇಲ್ಲೊಂದು ಕಲ್ಲು ಇತ್ತಾ' ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ. ನಾವು ಕಲ್ಲು ಹಾಳಾಗಿದೆ ಅಂತ ಬರೆದುಬಿಡುತ್ತೇವೆ. ಪಕ್ಕದ ಹೊಲದಲ್ಲಿ ಅದು ಹಾಗೇ ಇರುತ್ತದೆ.

ಕ್ಯೂಜಿಐಎಸ್‌ನ ಜಿಯೊರೆಫರೆನ್ಸರ್, ಅಂದರೆ ಹಳೇ ನಕ್ಷೆಯನ್ನು ನಿಜವಾದ ಜಾಗಕ್ಕೆ ಕೂರಿಸುವ ಸಾಧನ, ಗೆಲ್ಲುವುದು ಇಲ್ಲೇ. ಹಳೇ ವೀಡಿಯೊಗಳಲ್ಲಿ ಅದು ರಾಸ್ಟರ್ ಮೆನುವಿನಲ್ಲಿದೆ ಅಂತಾರೆ, ಈಗಿನ ಆವೃತ್ತಿಗಳಲ್ಲಿ ಲೇಯರ್ ಮೆನುವಿಗೆ ಬಂದಿದೆ. ಹಳೇ ನಕ್ಷೆಯ ಒಂದು ಜಾಗ ಒತ್ತಿ, ಉಪಗ್ರಹ ಚಿತ್ರದಲ್ಲಿ ಅದೇ ಜಾಗ ಒತ್ತಬೇಕು. ಏರಿಯ ತುದಿಗಳು, ಗುಡಿ, ಹಳೇ ಬಾವಿ, ಮೂರು ಊರುಗಳ ಗಡಿ ಸೇರುವ ಕಲ್ಲು, ಇವು ಒಳ್ಳೆಯ ಗುರುತು. ಹಳ್ಳ ನಂಬಬೇಡಿ, ಅದು ಜಾಗ ಬದಲಿಸುತ್ತದೆ. ಕೊನೆಗೆ 'ಥಿನ್ ಪ್ಲೇಟ್ ಸ್ಪ್ಲೈನ್' ಆರಿಸಿದರೆ ನಕ್ಷೆ ಎಲ್ಲಿ ಬೇಕೋ ಅಲ್ಲಿ ಬಗ್ಗುತ್ತದೆ. ಏರಿಯೂ ಸರಿ, ಗುಡಿಯೂ ಸರಿ.

ಒಂದು ಎಚ್ಚರಿಕೆ. ಈ ವಿಧಾನ ನೀವು ಇಟ್ಟ ಪ್ರತಿ ಗುರುತಿನ ಮೇಲೂ ತಪ್ಪದೆ ಹಾಯುತ್ತದೆ. ಅಂದರೆ ತಪ್ಪು ಗುರುತು ಇಟ್ಟರೂ ಒಪ್ಪಿಕೊಳ್ಳುತ್ತದೆ, ವ್ಯತ್ಯಾಸ ಸೊನ್ನೆ ಅಂತ ತೋರಿಸುತ್ತದೆ. ಅದಕ್ಕೇ ನಾನು ಮೊದಲು ನಕ್ಷೆಯನ್ನು ಬಗ್ಗಿಸದ 'ಪಾಲಿನಾಮಿಯಲ್ 1' ಹಾಕಿ, ಯಾವ ಗುರುತಿನ ವ್ಯತ್ಯಾಸ ಜಾಸ್ತಿ ಬರುತ್ತದೆ ನೋಡಿ, ಅದನ್ನು ಸರಿ ಮಾಡಿ, ಆಮೇಲೆ ಸ್ಪ್ಲೈನ್‌ಗೆ ಹೋಗುತ್ತೇನೆ.

ಸರ್ವೆ ಆಫ್ ಇಂಡಿಯಾದ ಹಳೇ ಟೋಪೋಶೀಟ್ (ಸ್ಥಳಾಕೃತಿ ನಕ್ಷೆ) ಬಳಸುವವರಿಗೆ ಒಂದೇ ಮಾತು: ಅದು ಭೂಮಿಯ ಆಕಾರದ ಎವರೆಸ್ಟ್ ಅನ್ನುವ ಹಳೇ ಲೆಕ್ಕದ್ದು, ಇವತ್ತಿನ ಜಿಪಿಎಸ್ ಲೆಕ್ಕದ್ದಲ್ಲ. ಅಂಚಿನ ಅಕ್ಷಾಂಶ ರೇಖಾಂಶ ನೋಡಿ ನೇರ ಕೂರಿಸಿದರೆ ನೂರು ಮೀಟರಿಗೂ ಜಾಸ್ತಿ ಸರಿಯುತ್ತದೆ. ನಮ್ಮ ಜಿಲ್ಲೆಯವರಿಗೆ ಇನ್ನೊಂದು. 78 ಡಿಗ್ರಿ ರೇಖಾಂಶ ನಮ್ಮ ಜಿಲ್ಲೆಯೊಳಗೇ ಹಾಯುತ್ತದೆ. ಮೀಟರಿನಲ್ಲಿ ಜಾಗ ಗುರುತಿಸುವ ಯುಟಿಎಂ ಪದ್ಧತಿಯಲ್ಲಿ ಮಾಲೂರು ವಲಯ 43ಕ್ಕೆ ಬಂದರೆ, ಕೋಲಾರ, ಮುಳಬಾಗಿಲು 44ಕ್ಕೆ. ಮೊದಲೇ ಒಂದನ್ನು ಹಿಡಿದುಕೊಳ್ಳಿ.

ಕ್ಯೂಜಿಐಎಸ್‌ನಲ್ಲಿ ಕನ್ನಡಕ್ಕೆ ಕಾಟ ಕೊಡುವುದು ಶೇಪ್‌ಫೈಲ್. ಅದು ನಕ್ಷೆಯ ಮಾಹಿತಿ ಉಳಿಸುವ ಹಳೇ ಕಾಲದ ಕಡತದ ಬಗೆ, ಕಾಲಮ್ಮಿನ ಹೆಸರಿಗೆ 10 ಬೈಟ್ ಮಾತ್ರ ಕೊಡುತ್ತದೆ. ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಗುಣಿತದ ಗುರುತಿಗೂ ಮೂರು ಬೈಟ್ ಬೇಕು. 'ಶಾಸನ' ಅನ್ನೋದೇ ಹಿಡಿಸುವುದಿಲ್ಲ. ಎನ್‌ಕೋಡಿಂಗ್ ತಪ್ಪಿದರೆ ಊರ ಹೆಸರೆಲ್ಲ ಪ್ರಶ್ನೆ ಚಿಹ್ನೆ. ಜಿಯೊಪ್ಯಾಕೇಜ್ ಆಗಿ ಉಳಿಸಿ, ಈ ರಗಳೆಯೇ ಇರುವುದಿಲ್ಲ.

ಕಲಿಯಲು ಸಮಯ ಹಿಡಿಯುತ್ತದೆ, ನಿಜ. ನಾನು ಸಂಜೆ ಹೊತ್ತು ಕೂತು ನಿಧಾನಕ್ಕೆ ಮಾಡುವವನು, ಬಜೆಟ್ ಅಂತ ದೊಡ್ಡದೇನೂ ಇಲ್ಲ. ಕ್ಯೂಜಿಐಎಸ್‌ಗೆ ಕಾಸಿಲ್ಲ, ಹಾಗಾಗಿ ಇದು ನನಗೆ ಹೊಂದುತ್ತದೆ. ನಾಳೆಯೇ ಶಾಲೆ ಮಕ್ಕಳಿಗೆ ಊರಿನ ಹತ್ತು ಜಾಗ ತೋರಿಸಬೇಕು ಅನ್ನುವವರು ಮೈ ಮ್ಯಾಪ್ಸ್ ತೆರೆಯಿರಿ, ಸುಮ್ನೆ ಇದಕ್ಕೆ ಕೈ ಹಾಕಬೇಡಿ. ಹೊಲಕ್ಕೆ ಹೋಗುವಾಗ ನನ್ನ ಫೋನಿನಲ್ಲಿ ದಿಶಾಂಕ್ ಆ್ಯಪ್ ಇರುತ್ತದೆ, ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ. ಮನೆಗೆ ಬಂದು ಹಳೇ ನಕ್ಷೆಯ ಜೊತೆ ತಾಳೆ ನೋಡುತ್ತೇನೆ.

ಪ್ರೆಸ್ಸಿಗೆ ಕಳಿಸುವಾಗ ಪ್ರಿಂಟ್ ಲೇಔಟ್‌ನಲ್ಲಿ 300 ಡಿಪಿಐ ಇಟ್ಟು ಪಿಡಿಎಫ್ ಮಾಡಿ. ಅಕ್ಷರಗಳನ್ನು ಗೆರೆಗಳಾಗಿ ಕಳಿಸುವ ಆಯ್ಕೆ ಅಲ್ಲೇ ಇದೆ, ಅದನ್ನೇ ಆರಿಸಿ. ಪ್ರೆಸ್ಸಿನವರ ಹತ್ತಿರ ನಿಮ್ಮ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಇದ್ದ ಜಾಗದಲ್ಲೇ ಇರುತ್ತದೆ.