ಸೇಡಂ ರಸ್ತೆಯ ಗ್ರೀಕ್ ಪದಗಳ ಸ್ಪೈರಲ್ ಪುಸ್ತಕ: ಕೊಳ್ಳಬಹುದು, ಪೆನ್ಸಿಲ್ ಜೊತೆಗಿರಲಿ

ಕಲಬುರಗಿಯ ಸೇಡಂ ರಸ್ತೆಯ ಜೆರಾಕ್ಸ್ ಅಂಗಡಿಗಳಲ್ಲಿ ಕಾಲೇಜು ಶುರುವಾಗುವ ಹೊತ್ತಿಗೆ ಒಂದು ಸ್ಪೈರಲ್ ಪುಸ್ತಕ ಮಾರಾಟಕ್ಕೆ ಬರುತ್ತದೆ. ಗ್ರೀಕ್ ಬೇರಿನ ಇಂಗ್ಲಿಷ್ ಪದಗಳು, ಕನ್ನಡದಲ್ಲಿ ಅರ್ಥ. ಎ-4 ಅಳತೆ, ಕಪ್ಪುಬಿಳುಪು ಮುದ್ರಣ, 120 ರೂಪಾಯಿ. ಬರೆದವರ ಹೆಸರು ಎಲ್ಲೂ ಇಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಆಮೇಲೆ ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ, ಬಿಎಸ್ಸಿ ಅಗ್ರಿ ಸೇರಿದವರನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ್ದು ಎಂಬುದು ಪದಗಳ ಆಯ್ಕೆಯಲ್ಲೇ ಗೊತ್ತಾಗುತ್ತದೆ. ಆ ಮಕ್ಕಳ ಕೈಗೆ ಇಂಥದ್ದೊಂದು ಬೇಕಾಗಿತ್ತು. ಅದಕ್ಕೇ ಇದರಲ್ಲಿ ಸರಿ ಯಾವುದು, ತಪ್ಪು ಯಾವುದು ಎಂದು ಬಿಡಿಸಿ ಹೇಳಬೇಕು.

ಪುಸ್ತಕದ ಜೀವಾಳ ಪದದ ಬಾಲಗಳ ಭಾಗ. ಟೊಮಿ, ಎಕ್ಟಮಿ, ಸ್ಟಮಿ ಈ ಮೂರನ್ನು ಒಂದೇ ಪುಟದಲ್ಲಿ ಪಕ್ಕಪಕ್ಕ ಇಟ್ಟಿದ್ದಾರೆ. ಗ್ರೀಕಿನಲ್ಲಿ ತೊಮೆ ಎಂದರೆ ಕೊಯ್ತ. ಅದರ ಮುಂದೆ ಹೊರಗೆ ಎನ್ನುವ ಎಕ್ ಸೇರಿದರೆ ಕೊಯ್ದು ತೆಗೆದುಹಾಕುವುದು. ಸ್ತೊಮಾ ಎಂದರೆ ಬಾಯಿ. ಹಾಗಾಗಿ ಕೊಲೊಟಮಿ ಎಂದರೆ ದೊಡ್ಡ ಕರುಳನ್ನು ಕೊಯ್ದು ತೆರೆಯುವುದು, ಕೊಲೆಕ್ಟಮಿ ಎಂದರೆ ಆ ಕರುಳನ್ನೋ ಅದರ ಒಂದು ಭಾಗವನ್ನೋ ತೆಗೆಯುವುದು, ಕೊಲೊಸ್ಟಮಿ ಎಂದರೆ ಹೊಟ್ಟೆಯ ಮೇಲೆ ಕರುಳಿಗೊಂದು ಬಾಯಿ ಮಾಡುವುದು. ಕೇಸ್ ಶೀಟಿನಲ್ಲಿ ಒಂದಕ್ಷರ ಅತ್ತಿತ್ತಾದರೆ ರೋಗಿಗೆ ಆದ ಆಪರೇಷನ್ನೇ ಬೇರೆಯಾಗುತ್ತದೆ. ಬಾಲದಿಂದ ಶುರುಮಾಡಿ ಹಿಂದಕ್ಕೆ ಓದಿ ಎಂದು ಪುಸ್ತಕ ಹೇಳುವುದು ನೂರಕ್ಕೆ ನೂರು ಸರಿ. ಏನು ಮಾಡಿದರು ಎಂಬುದು ಬಾಲದಲ್ಲಿರುತ್ತದೆ, ಎಲ್ಲಿ ಮಾಡಿದರು ಎಂಬುದು ತಲೆಯಲ್ಲಿ.

ಇನ್ನೊಂದು ಒಳ್ಳೆಯ ಕೆಲಸ, ಪ್ರತಿ ನಾಮಪದಕ್ಕೂ ಎರಡು ರೂಪ ಕೊಟ್ಟಿರುವುದು. ಸಂಸ್ಕೃತದ ರಾಜನ್, ರಾಜ್ಞಃ ಇದ್ದ ಹಾಗೆ ಗ್ರೀಕಿನಲ್ಲೂ ಷಷ್ಠಿ ವಿಭಕ್ತಿಯಲ್ಲಿ ಪದದ ಮೈ ಬದಲಾಗುತ್ತದೆ. ಇಂಗ್ಲಿಷ್ ಹೆಚ್ಚಾಗಿ ಎತ್ತಿಕೊಳ್ಳುವುದು ಆ ಷಷ್ಠಿಯ ಮೈಯನ್ನೇ. ರಕ್ತ ಹೈಮಾ, ರಕ್ತದ ಹೈಮಾತೋಸ್, ಅಲ್ಲಿಂದ ಹೆಮಟಾಲಜಿ. ಕೂದಲು ಥ್ರಿಕ್ಸ್, ಕೂದಲಿನ ತ್ರಿಖೋಸ್, ಅಲ್ಲಿಂದ ಟ್ರೈಕಾಲಜಿ. ಹಾಲು ಗಲಾ, ಹಾಲಿನ ಗಲಾಕ್ತೋಸ್. ಅಲ್ಲಿಂದ ಗ್ಯಾಲಕ್ಟೋಸ್, ಗ್ಯಾಲಕ್ಸಿಯೂ ಅದೇ ಹಾಲು. ರಾತ್ರಿ ನುಕ್ಸ್, ರಾತ್ರಿಯ ನುಕ್ತೋಸ್. ಅದಕ್ಕೆ ಕುರುಡು ಎನ್ನುವ ಅಲಾವೋಸ್, ಕಣ್ಣು ಎನ್ನುವ ಓಪ್ಸ್ ಸೇರಿ ನಿಕ್ಟಲೋಪಿಯಾ, ಅಂದರೆ ಇರುಳುಗುರುಡು. ಮೊದಲ ರೂಪ ಮಾತ್ರ ಕಂಠಪಾಠ ಮಾಡಿದವರಿಗೆ ಈ ಪದಗಳು ಎದುರಿಗೆ ಬಂದರೂ ಗುರುತು ಸಿಗುವುದಿಲ್ಲ.

ಎರಡು ತುಂಡುಗಳ ನಡುವಿನ ಓ ಬೆಸುಗೆಯಷ್ಟೇ, ಅರ್ಥವಿಲ್ಲ. ಮುಂದಿನ ತುಂಡು ವ್ಯಂಜನದಿಂದ ಶುರುವಾದರೆ ಓ ಬರುತ್ತದೆ: ಗ್ಯಾಸ್ಟ್ರೋಸ್ಕೋಪಿ. ಸ್ವರದಿಂದ ಶುರುವಾದರೆ ಸಾಮಾನ್ಯವಾಗಿ ಬಿದ್ದುಹೋಗುತ್ತದೆ: ಗ್ಯಾಸ್ಟ್ರೈಟಿಸ್. ಇದನ್ನೂ ಪುಸ್ತಕ ಚೆನ್ನಾಗಿ ಹೇಳಿದೆ.

ಈಗ ತಪ್ಪುಗಳಿಗೆ ಬರೋಣ. ದೊಡ್ಡ ತಪ್ಪು ಪದವನ್ನು ಒಡೆಯುವಲ್ಲಿ. ಹೆಲಿಕಾಪ್ಟರ್ ಪದವನ್ನು ಹೆಲಿ, ಕಾಪ್ಟರ್ ಎಂದು ಒಡೆದಿದ್ದಾರೆ. ಕಾಪ್ಟರ್ ಎಂಬ ಬೇರೇ ಗ್ರೀಕಿನಲ್ಲಿಲ್ಲ. ಸುರುಳಿ ಎನ್ನುವ ಹೆಲಿಕ್ಸ್, ಹೆಲಿಕೋಸ್. ರೆಕ್ಕೆ ಎನ್ನುವ ಪ್ತೆರೋನ್. ಅಂದರೆ ಹೆಲಿಕೋ, ಪ್ಟರ್. ಇಲ್ಲಿ ಎಡವಿದ್ದರಿಂದ ಮುಂದೆ ಕೀಟಗಳ ಪುಟದಲ್ಲಿ ಒಂದು ಒಳ್ಳೆಯ ಕೊಂಡಿ ಕೈತಪ್ಪಿದೆ. ಲೆಪಿಡಾಪ್ಟೆರಾದಲ್ಲಿ ಇರುವುದೂ ಅದೇ ಪ್ತೆರೋನ್, ಜೊತೆಗೆ ಹುರುಪೆ ಎನ್ನುವ ಲೆಪಿಸ್, ಲೆಪಿದೋಸ್. ತೊಗರಿಯ ಕಾಯಿಕೊರಕದ ಪತಂಗ ಸೇರುವುದು ಈ ಗಣಕ್ಕೇ. ಆ ಪತಂಗವನ್ನು ಹಿಡಿದು ಬಿಟ್ಟರೆ ಬೆರಳಿಗೆ ಬೂದಿಯಂಥ ಪುಡಿ ಹತ್ತುತ್ತದಲ್ಲ, ಅವೇ ಆ ಹುರುಪೆಗಳು. ಕಲಬುರಗಿಯಲ್ಲಿ ಮಾರುವ ಪುಸ್ತಕದಲ್ಲಿ ಈ ಉದಾಹರಣೆ ಇರಲೇಬೇಕಿತ್ತು. ತೊಗರಿಯ ಬೀಜೋಪಚಾರಕ್ಕೆ ತರುವ ರೈಜೋಬಿಯಂ ಮಾತ್ರ ಇದೆ: ರಿಜಾ ಬೇರು, ಬಿಯೋಸ್ ಬದುಕು.

ಎರಡನೆಯದು ಪೆಡ್. ಪುಸ್ತಕದ ಪ್ರಕಾರ ಪೆಡ್ ಎಂದರೆ ಪಾದ, ಆದ್ದರಿಂದ ಆರ್ಥೋಪೆಡಿಕ್ಸ್ ಎಂದರೆ ಪಾದ ಸರಿಪಡಿಸುವ ವಿದ್ಯೆ. ಇದು ತಪ್ಪು. ಪೆಡಲ್, ಪೆಡೆಸ್ಟ್ರಿಯನ್‌ಗಳ ಪಾದ ಲ್ಯಾಟಿನ್ನಿನದು. ಗ್ರೀಕಿನ ಪಾದ ಪೂಸ್, ಪೊದೋಸ್. ಅದು ಆಕ್ಟೋಪಸ್, ಆರ್ತ್ರೋಪಾಡ್‌ಗಳಲ್ಲಿದೆ. ಆರ್ಥೋಪೆಡಿಕ್ಸ್‌ನಲ್ಲಿ ಇರುವುದು ಮಗು, ಪೈಸ್, ಪೈದೋಸ್, ಪೀಡಿಯಾಟ್ರಿಕ್ಸ್‌ನಲ್ಲೂ ಅದೇ. 1741ರಲ್ಲಿ ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ ಮಕ್ಕಳ ಸೊಟ್ಟ ಅಂಗಗಳನ್ನು ನೇರಮಾಡುವ ವಿದ್ಯೆಗೆ ಈ ಹೆಸರು ಕೊಟ್ಟ. ಮೂಳೆ ಡಾಕ್ಟರರ ಸಂಘಗಳ ಲಾಂಛನದಲ್ಲಿ ಸೊಟ್ಟ ಮರವನ್ನು ಗೂಟಕ್ಕೆ ಕಟ್ಟಿದ ಚಿತ್ರವಿರುತ್ತದಲ್ಲ, ಅದು ಬಂದಿದ್ದು ಅವನ ಪುಸ್ತಕದಿಂದಲೇ. ಅಗ್ರಿ ಓದುವವರಿಗೆ ಮೂರನೆಯ ಪೆಡ್ ಕೂಡ ಸಿಗುತ್ತದೆ: ನೆಲ ಎನ್ನುವ ಪೆದೋನ್, ಅಲ್ಲಿಂದ ಮಣ್ಣಿನ ಶಾಸ್ತ್ರ ಪೆಡಾಲಜಿ.

ಉಚ್ಚಾರಣೆಯ ಕಾಲಂ ಅನ್ನು ಹಾಗೇ ನಂಬಬೇಡಿ. ಕೈಮ್ (ಜಠರದಲ್ಲಿ ಅರೆದು ನೀರಾದ ಆಹಾರ) ಎಂದು ಓದಬೇಕಾದ್ದಕ್ಕೆ ಚೈಮ್ ಎಂದೂ, ಟೆರಿಜಿಯಂ ಎಂಬುದಕ್ಕೆ ಪ್ಟೆರಿಜಿಯಂ ಎಂದೂ ಅಚ್ಚಾಗಿದೆ. (ಟೆರಿಜಿಯಂ ಎಂದರೆ ಕಣ್ಣಿನ ಬಿಳಿಯ ಮೇಲೆ ಕರಿಗುಡ್ಡೆಯ ಕಡೆಗೆ ಬೆಳೆಯುವ ಮಾಂಸದ ಪೊರೆ, ಪ್ತೆರುಗಿಯೋನ್, ಪುಟ್ಟ ರೆಕ್ಕೆ. ಬಿಸಿಲು ಧೂಳಿನಲ್ಲಿ ದುಡಿಯುವವರಲ್ಲಿ ಹೆಚ್ಚು, ನಮ್ಮ ಕಡೆ ಕಣ್ಣಿನ ಓಪಿಡಿಯಲ್ಲಿ ಕಾಣುವಂಥದ್ದು.) ಪದದ ಮೊದಲಿಗೆ ಪಿ-ಟಿ, ಪಿ-ಎಸ್, ಪಿ-ಎನ್ ಬಂದರೆ ಇಂಗ್ಲಿಷಿನಲ್ಲಿ ಪಿ ಮೌನ, ನಡುವೆ ಬಂದರೆ ಸಾಮಾನ್ಯವಾಗಿ ಕೇಳಿಸುತ್ತದೆ. ಸಿ-ಎಚ್ ಬಹುಮಟ್ಟಿಗೆ ಕ. ಫ್ರೆಂಚಿನ ಮೂಲಕ ಬಂದ ಮಷೀನ್‌ನಂಥವು ಹೊರತು. ಹಳೆಯ ಗ್ರೀಕಿನಲ್ಲಿ ಪಿ-ಎಚ್, ಟಿ-ಎಚ್, ಸಿ-ಎಚ್ ನಮ್ಮ ಫ, ಥ, ಖ ಮಹಾಪ್ರಾಣಗಳೇ ಆಗಿದ್ದವು. ಇಂಗ್ಲಿಷಿಗೆ ಎರಡಕ್ಷರ ಬೇಕಾದಲ್ಲಿ ಕನ್ನಡಕ್ಕೆ ಒಂದೇ ಸಾಕು. ಅಂಚಿನಲ್ಲಿ ಖೋಲೆ (ಪಿತ್ತ), ಖ್ರೋನೋಸ್ (ಕಾಲ), ಥೆರ್ಮೋಸ್ (ಬಿಸಿ) ಎಂದು ಕನ್ನಡದಲ್ಲೇ ಬರೆದಿಟ್ಟುಕೊಂಡರೆ ಸ್ಪೆಲಿಂಗ್ ತಾನಾಗಿ ಕೂರುತ್ತದೆ. ಡಯರಿಯಾದ ಸ್ಪೆಲಿಂಗ್‌ಗೂ ಕಾರಣವಿದೆ: ಗ್ರೀಕಿನಲ್ಲಿ ರ-ಕಾರದಿಂದ ಶುರುವಾಗುವ ತುಂಡು ಸ್ವರವಾದ ಮೇಲೆ ಬಂದು ಕೂತಾಗ ರ ಇಮ್ಮಡಿಸುತ್ತದೆ. ಅದಕ್ಕೇ ಆರ್ ಎರಡು, ಆಮೇಲೆ ಎಚ್. ಹೆಮರೇಜ್‌ಗೂ ಅಷ್ಟೇ.

ಪುಸ್ತಕ ಮುಟ್ಟದೇ ಬಿಟ್ಟದ್ದು ನಮ್ಮ ಬಾಯಲ್ಲೇ ಇರುವ ಗ್ರೀಕನ್ನು. ಇಲ್ಲ ಎನ್ನುವ ಅ, ಸ್ವರದ ಮುಂದೆ ಅನ್ ಆಗುವುದು ಸಂಸ್ಕೃತ, ಗ್ರೀಕ್ ಎರಡೂ ಭಾಷೆಗೆ ಸಮಾನ: ಅಶಕ್ತ, ಅನುಚಿತ, ಏಟಿಪಿಕಲ್, ಅನೀಮಿಯಾ. ಪದದ ಮೊದಲಲ್ಲಿ, ಸ್ವರದ ಮುಂದೆ ಸಂಸ್ಕೃತದ ಸ ಇದ್ದಲ್ಲಿ ಗ್ರೀಕಿಗೆ ಸಾಮಾನ್ಯವಾಗಿ ಹ ಬರುತ್ತದೆ: ಸಪ್ತ, ಹೆಪ್ತಾ. ಕೇಂದ್ರ ಗ್ರೀಕಿನ ಕೆಂತ್ರೋನ್. ಬೀದರಿನ ನೌಬಾದಿನ ಸುರಂಗ ಬಾವಿಯ ಸುರಂಗವೂ ಕೊಳವೆ ಎನ್ನುವ ಸುರಿಂಕ್ಸ್‌ನಿಂದ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಸಿರಿಂಜ್ ಕೂಡ ಅದೇ ಬೇರಿನದು. ಹಕೀಮರ ಯುನಾನಿ ಎಂಬ ಹೆಸರು ಅಯೋನಿಯಾ ಪ್ರಾಂತದ್ದು. ಅವರು ಕಫಕ್ಕೆ ಅನ್ನುವ ಬಲ್ಗಮ್ ಅರಬ್ಬಿ ದಾಟಿ ಬಂದ ಫ್ಲೆಗ್ಮಾ, ಮಾಲೀಖೋಲಿಯಾ ಎನ್ನುವುದು ಮೆಲಾಂಖೋಲಿಯಾ, ಕಪ್ಪು ಪಿತ್ತ. ದಖನಿ ಮಾತಾಡುವ ಮನೆಯ ಹುಡುಗಿಗೆ ಫ್ಲೆಗ್ಮ್ ಪದವನ್ನು ಬಲ್ಗಮ್‌ನಿಂದ ಶುರುಮಾಡಿ ಕಲಿಸಿದರೆ ಮರೆಯುವ ಮಾತೇ ಇಲ್ಲ.

ಕೊನೆಯಲ್ಲಿ ಅಪರೂಪದ ಪದಗಳ ಭಾಗವಿದೆ, ಚಿಕ್ಕದು. ಹೊಟ್ಟೆಯ ಗುಡುಗುಡು ಸದ್ದಿಗೆ ಬಾರ್ಬರಿಗ್ಮಸ್, ಕೆಟ್ಟವರಲ್ಲಿ ಕೆಟ್ಟವರ ಆಳ್ವಿಕೆಗೆ ಕ್ಯಾಕಿಸ್ಟಾಕ್ರಸಿ, ಎರಡೂ ಸರಿಯಾಗಿವೆ. ಒಣನೆಲಕ್ಕೆ ಮಳೆ ಬಿದ್ದಾಗ ಏಳುವ ವಾಸನೆಯ ಹೆಸರಾದ ಪೆಟ್ರಿಕೋರ್‌ನಲ್ಲಿ ಮಾತ್ರ ಇಕೋರ್ ಎಂದರೆ ಸುವಾಸನೆ ಎಂದಿದ್ದಾರೆ. ಈಖೋರ್ ಎಂದರೆ ಪುರಾಣದ ದೇವತೆಗಳ ಮೈಯಲ್ಲಿ ರಕ್ತದ ಜಾಗದಲ್ಲಿ ಹರಿಯುವ ದ್ರವ. ವೈದ್ಯರ ಮಾತಿನಲ್ಲಿ ಹುಣ್ಣಿನಿಂದ ಒಸರುವ ನೀರು. 1964ರಲ್ಲಿ ಆಸ್ಟ್ರೇಲಿಯಾದ ಇಸಾಬೆಲ್ ಬೇರ್, ರಿಚರ್ಡ್ ಥಾಮಸ್ ಒಣಗಿ ಕಾದ ಕಲ್ಲುಮಣ್ಣು ಹೀರಿಟ್ಟುಕೊಂಡ ಎಣ್ಣೆಯ ವಾಸನೆಗೆ ಕಲ್ಲು ಎನ್ನುವ ಪೆತ್ರಾ ಸೇರಿಸಿ ಈ ಪದ ಕಟ್ಟಿದರು. ವಾಸನೆ ಎನ್ನುವ ಬೇರು ಬೇಕಿದ್ದರೆ ಮಣ್ಣಿಗೆ ವಾಸನೆ ಕೊಡುವ ಜಿಯೋಸ್ಮಿನ್ ನೋಡಿ: ಗೇ ನೆಲ, ಓಸ್ಮೆ ವಾಸನೆ.

ಬಳಸುವ ಕ್ರಮ ಹೀಗಿರಲಿ. ಪದದ ಬಾಲದ ಮುಂದೆ ಪೆನ್ಸಿಲಿನಿಂದ ಅಡ್ಡಗೀಟು ಹಾಕಿ, ಆಮೇಲೆ ತಲೆ ಮುಗಿದಲ್ಲಿ. ಉಳಿದ ತುಂಡು ಷಷ್ಠಿಯ ರೂಪಕ್ಕೆ ಹೊಂದದಿದ್ದರೆ ಒಡೆದದ್ದು ತಪ್ಪಿರಬಹುದು. ಅನುಮಾನ ಬಂದ ಪದವನ್ನು ಪದಗಳ ಮೂಲ ತಿಳಿಸುವ ಎಟಿಮಾನ್‌ಲೈನ್ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು; ಅಲ್ಲಿ ಮೊದಲು ಗಮನಿಸಬೇಕಾದ್ದು ಬೇರು ಗ್ರೀಕೋ ಲ್ಯಾಟಿನ್ನೋ ಎಂಬುದು.

ಅಂಗಡಿಯಲ್ಲೇ ಬಾಲಗಳ ಪುಟ ತೆರೆದು ನೋಡಿ ಕೊಳ್ಳಿ. ಜೆರಾಕ್ಸಿನ ಜೆರಾಕ್ಸ್ ಆದ ಪ್ರತಿಗಳಲ್ಲಿ ಷಷ್ಠಿಯ ಕಾಲಂ ಬೈಂಡಿಂಗಿನ ತೂತಿನಲ್ಲಿ ಅರ್ಧ ಹೋಗಿರುತ್ತದೆ, ಅಂಥ ಪ್ರತಿಗೆ ಇಪ್ಪತ್ತು ರೂಪಾಯಿ ಕಡಿಮೆಗೆ ಕೊಟ್ಟರೂ ಬೇಡ.